ಸಂಜೆ ಹೊರಟು ಬೆಳಿಗ್ಗೆ ಮರಳುವ ಸೈಕಲ್ ಸವಾರಿ

ಸಂಜೆ ಸೈಕಲ್ ಹತ್ತಿ ಊರಾಚೆ ಮಲಗಿ, ಮರುದಿನ ಕೆಲಸದ ಹೊತ್ತಿಗೆ ಮನೆ ಸೇರುವ ಪ್ರವಾಸಕ್ಕೆ ಅಮೆರಿಕದ ಸೈಕಲ್ ತಯಾರಕ ಗ್ರಾಂಟ್ ಪೀಟರ್ಸನ್ ‘ಎಸ್‌24ಓ’ ಎಂದು ಹೆಸರಿಟ್ಟರು. ಇಪ್ಪತ್ನಾಲ್ಕು ಗಂಟೆಯೊಳಗೆ ಎಲ್ಲ ಮುಗಿಯಬೇಕು, ಅಷ್ಟೇ.

ಕಲಬುರಗಿಯವರಿಗೆ ಇದಕ್ಕೆ ಹೇಳಿ ಮಾಡಿಸಿದ ದಾರಿ ಹುಮನಾಬಾದ್ ರಸ್ತೆ. ಕಮಲಾಪುರ ಸುಮಾರು 35 ಕಿ.ಮೀ.; ನಿಧಾನಕ್ಕೆ ತುಳಿದರೂ ಮೂರು ಗಂಟೆ. ಊರು ಈಶಾನ್ಯಕ್ಕಿರುವುದರಿಂದ ಹೋಗುವಾಗ ಸಂಜೆಯ ಬಿಸಿಲಾಗಲಿ, ಬರುವಾಗ ಬೆಳಗಿನ ಬಿಸಿಲಾಗಲಿ ನೇರ ಕಣ್ಣಿಗೆ ಹೊಡೆಯುವುದಿಲ್ಲ. ಲಾರಿಗಳ ಹೆದ್ದಾರಿಯಾದ್ದರಿಂದ ಹಿಂದೆ ಕೆಂಪು ದೀಪ ಬೇಕೇ ಬೇಕು. ಕತ್ತಲಾಗುವ ಮುನ್ನ ತಲುಪುವುದು ಇನ್ನೂ ಲೇಸು.

ಒಂಟಿ ಸವಾರರು ಬೇಗ ಕಲಿಯುವ ಪಾಠ ಹೊರೆಯದು. ಒಂದು ರಾತ್ರಿಗೆ ಒಲೆ, ಪಾತ್ರೆ ಯಾಕೆ? ಕಟಕ ರೊಟ್ಟಿ, ಶೇಂಗಾ ಹಿಂಡಿ ಕೆಡುವುದಿಲ್ಲ. ಕಮಲಾಪುರದಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕೆಂಬಾಳೆ ಹಣ್ಣಿದೆ. ಎರಡು ತಿಂದರೆ ಹೊಟ್ಟೆ ತುಂಬುತ್ತದೆ. ಉಳಿದ ಜಾಗ ನೀರಿಗೆ, ಪಂಪಿಗೆ, ಪಂಕ್ಚರ್ ಸಾಮಾನಿಗೆ.

ಎರೆಭೂಮಿಯ ಸಂಗತಿಯೇ ಬೇರೆ. ಮಳೆ ಬಿದ್ದ ಹೊಲದ ಹಾದಿಗಿಳಿದರೆ ಮಣ್ಣು ಟೈರಿಗೆ ಸುತ್ತಿ, ಮಡ್‌ಗಾರ್ಡ್ ಸಂದಿಯಲ್ಲಿ ಗಟ್ಟಿಯಾಗಿ ತುಂಬಿ ಚಕ್ರವೇ ನಿಲ್ಲುತ್ತದೆ. ಕೆರೆಯಲು ಕಡ್ಡಿಯೊಂದಿದ್ದರೆ ಬಚಾವ್. ಹಾಗಾಗಿ ಡಿಸೆಂಬರ್, ಜನವರಿಯೇ ಒಳ್ಳೆಯ ಕಾಲ. ನಸುಕಿನ ಚಳಿಗೆ ಒಂದು ಕೌದಿ ಸಾಕು.

ಹೊಲದಲ್ಲಿ ಮಲಗುವುದಾದರೆ ಯಜಮಾನರನ್ನು ಕೇಳಿಯೇ ಮಲಗಿ, ಮನೆಯವರಿಗೆ ಜಾಗ ತಿಳಿಸಿ. ಮುಂದೆ ಚಿಂಚೋಳಿ ಕಾಡಿನತ್ತ ಮನಸ್ಸಾದರೆ ಅದು 2011ರಿಂದ ವನ್ಯಜೀವಿ ಧಾಮ. ಅಲ್ಲಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.