ನಮ್ಮ ಜಿಲ್ಲೇಲಿ ಡೈನೋಸಾರ್ ಮೂಳೆ ಯಾಕೆ ಸಿಗಲ್ಲ?

2024ನೇ ಇಸವಿಯಲ್ಲಿ ಒಂದು ಹಾವಿಗೆ ನಾಮಕರಣ ಆಯಿತು. ಹೆಸರು ವಾಸುಕಿ ಇಂಡಿಕಸ್. ಶಿವನ ಕೊರಳಿನ ಹಾವಿನ ಹೆಸರೇ! ಆದರೆ ಈ ಹಾವು ಬದುಕಿದ್ದು 4 ಕೋಟಿ 70 ಲಕ್ಷ ವರ್ಷಗಳ ಹಿಂದೆ. ಗುಜರಾತಿನ ಕಛ್‌ನಲ್ಲಿ ಪಾನಂಧ್ರೋ ಎಂಬ ಗಣಿಯಲ್ಲಿ ಇದರ ಬೆನ್ನುಮೂಳೆಯ 27 ಮಣಿಗಳು 2005ರಲ್ಲೇ ಸಿಕ್ಕಿದ್ದವು. ಮೊದಲು ಮೊಸಳೆಯದು ಅಂದುಕೊಂಡಿದ್ದರಂತೆ. ರೂರ್ಕಿ ಐಐಟಿಯ ಸುನಿಲ್ ಬಾಜಪೇಯಿ ಮತ್ತು ದೇಬಜಿತ್ ದತ್ತಾ ಅದು ಹಾವು ಎಂದು ತೋರಿಸಿದರು. ಉದ್ದ 11ರಿಂದ 15 ಮೀಟರ್ ಇದ್ದಿರಬಹುದು. ಅಂದರೆ ಸರ್ಕಾರಿ ಬಸ್ಸಿನಷ್ಟು, ಇಲ್ಲಾ ಅದಕ್ಕೂ ಉದ್ದ.

ಹಾಗಾದರೆ ಇಷ್ಟೊಂದು ಕಲ್ಲುಗುಡ್ಡ ಇರುವ ನಮ್ಮ ಚಿತ್ರದುರ್ಗದಲ್ಲಿ ಇಂಥ ಮೂಳೆ ಯಾಕಿಲ್ಲ?

ಮೂಳೆ ಉಳಿಯಬೇಕಾದರೆ ಸತ್ತ ಪ್ರಾಣಿ ಬೇಗ ಕೆಸರು, ಮರಳಿನಲ್ಲಿ ಮುಚ್ಚಿಹೋಗಬೇಕು. ಆ ಕೆಸರು ಕಲ್ಲಾಗಬೇಕು. ಕೋಟೆಯ ಬಂಡೆ ಗ್ರಾನೈಟ್, ನೆಲದ ಆಳದಲ್ಲಿ ಕರಗಿದ್ದು ಆರಿ ಆದದ್ದು. ಅದರಲ್ಲಿ ಮೂಳೆ ಹುಡುಕಿದರೆ ಸಿಗಲ್ಲ. (ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ತೋರಿಸುತ್ತಾರೆ, ಆ ಕಥೆ ಬೇರೆ.)

ಇನ್ನೊಂದು ಕಾರಣ ವಯಸ್ಸು. ನಮ್ಮ ಕಲ್ಲುಗಳಿಗೆ ಸುಮಾರು 260 ಕೋಟಿ ವರ್ಷ. ಒಂದು ಕೋಟಿಗೆ ಒಂದು ವರ್ಷ ಅಂತ ಲೆಕ್ಕ ಹಾಕಿ. ಆಗ ನಮ್ಮ ಕಲ್ಲು 260 ವರ್ಷದ ಮುತ್ತಜ್ಜಿ. ಡೈನೋಸಾರ್ ಹುಟ್ಟಿದ್ದು ಬರೀ 23 ವರ್ಷದ ಹಿಂದೆ. ವಾಸುಕಿ ಇನ್ನೂ ಶಾಲೆಗೇ ಸೇರದ ಮಗು! ಡೈನೋಸಾರ್ ಕಾಲದ ಕೆಸರು ಕಲ್ಲಾಗಿ ನಮ್ಮ ಕಡೆ ಉಳಿದಿಲ್ಲ.

ಆದರೆ ಬೇಜಾರು ಮಾಡ್ಕೋಬೇಡಿ. ಇಲ್ಲಿ ಆಗ ಸಮುದ್ರ ಇತ್ತು. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿದ ಹಾಗೆ ಕಲ್ಲುಗಳಿವೆ. ಲಾವಾರಸ ನೀರಿನೊಳಗೆ ಉಕ್ಕಿದರೆ ಮಾತ್ರ ಹೀಗೆ ದಿಂಬಾಗುತ್ತದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಮಾಡಿದ್ದಾರೆ.

ಆ ಕಾಲದ ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಪಾಚಿಯಂತೆ ಹರಡಿದ್ದವು. ಅಂಟಂಟಾದ ಆ ಪಾಚಿಗೆ ಕೆಸರು ಮೆತ್ತಿಕೊಳ್ಳುತ್ತಿತ್ತು, ಸುಣ್ಣ ಕೂರುತ್ತಿತ್ತು. ಅದರ ಮೇಲೆ ಮತ್ತೆ ಪಾಚಿ, ಮತ್ತೆ ಸುಣ್ಣ. ಹೀಗೆ ಪದರ ಪದರವಾಗಿ ಬೆಳೆದ ಕಲ್ಲಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಅಡ್ಡ ಕೊಯ್ದ ಈರುಳ್ಳಿ ಥರ ಕಾಣುತ್ತದೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇವು ಈಗಲೂ ಬೆಳೆಯುತ್ತಿವೆ. ನಾವು ಉಸಿರಾಡುವ ಆಮ್ಲಜನಕವನ್ನು ಗಾಳಿಗೆ ಮೊದಲು ತುಂಬಿದ್ದು ಇಂಥ ಜೀವಿಗಳೇ. ಡೈನೋಸಾರಿಗಿಂತ ಇದೇ ದೊಡ್ಡ ಸುದ್ದಿ ಅಂತ ನನಗನ್ನಿಸುತ್ತೆ.

ಈ ಕಲ್ಲು ಸಿಗುವ ಶಿಲಾಪದರಕ್ಕೆ ವಿಜ್ಞಾನಿಗಳು ಇಟ್ಟ ಹೆಸರು 'ವಾಣಿವಿಲಾಸ'. ಹೌದು, ನಮ್ಮ ಮಾರಿಕಣಿವೆ ಡ್ಯಾಮಿನ ಹೆಸರೇ! ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲೂ ಇಂಥ ಕಲ್ಲು ಸಿಕ್ಕಿದೆ.

ತೊಂದರೆ ಏನೆಂದರೆ, ಇದು ಇರುವುದು ಸುಣ್ಣದ ಕಲ್ಲಿನಲ್ಲಿ. ಸುಣ್ಣದ ಕಲ್ಲು ಸಿಮೆಂಟಿಗೂ ಬೇಕು, ಗೂಡಿನಲ್ಲಿ ಸುಡುವುದಕ್ಕೂ ಬೇಕು. ಮೂಳೆ ಸಿಕ್ಕಿದರೆ ಯಾರಾದರೂ ನಿಂತು ನೋಡ್ತಾರೆ. ಪದರದ ಕಲ್ಲನ್ನು ಯಾರು ನೋಡ್ತಾರೆ? ಒಂದೇ ಏಟಿಗೆ ಜಲ್ಲಿ. ಹೊಸದುರ್ಗ, ಹೊಳಲ್ಕೆರೆ ಕಡೆ ನೆಂಟರ ಊರಿಗೆ ಹೋದಾಗ ಈರುಳ್ಳಿ ಪದರದ ಕಲ್ಲು ಕಂಡರೆ ಒಡೆಯಬೇಡಿ. ಚಿತ್ರ ಬರೆದು, ಜಾಗದ ಗುರುತು ಹಾಕಿ ತನ್ನಿ. ಈ ಹಾಳೆಯ ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ, ಅಲ್ಲಿ ಅಂಟಿಸೋಣ.