ಗಂಬಳಿಗೆ ಹುಟ್ಟಿದ ಯಂತ್ರ, ಗಟ್ಟಿ ನೆಲದ ದೂಳು

ಮದುವೆಗೆ ಉಡುಗೊರೆಯಾಗಿ ಬಂದದ್ದೋ, ಮನೆ ಬಾಗಿಲಿಗೆ ಬಂದ ಟೈ ಕಟ್ಟಿದ ಹುಡುಗನ ಮಾತಿಗೆ ಮರುಳಾಗಿ ಕೊಂಡದ್ದೋ ಆದ ಒಂದು ವ್ಯಾಕ್ಯೂಮ್ ಕ್ಲೀನರ್ ನಗರದ ಎಷ್ಟೋ ಮನೆಗಳ ಅಟ್ಟದ ಮೇಲೆ ಕುಳಿತಿರುತ್ತದೆ. ಮೊದಲ ತಿಂಗಳು ಅದು ದಿನಾ ಓಡಿತು. ಎರಡನೆಯ ತಿಂಗಳು ಭಾನುವಾರ ಮಾತ್ರ. ಆಮೇಲೆ ದೀಪಾವಳಿಗೊಮ್ಮೆ ಕೆಳಗಿಳಿಸಿ ಸೋಫಾ, ಪರದೆಗಳ ದೂಳು ತೆಗೆಯುವುದಕ್ಕಷ್ಟೇ ಆಯಿತು. ನೆಲಕ್ಕೆ ಮತ್ತೆ ಪೊರಕೆಯೇ ಬಂತು. ಯಾಕೆಂದು ಕೇಳಿದರೆ ಮನೆಯವರ ಉತ್ತರ ಸಾಮಾನ್ಯವಾಗಿ ಒಂದೇ: ‘ಅದು ಸರಿಯಾಗಿ ಎಳೆಯೋದಿಲ್ಲ ಕಣ್ರೀ, ಕಸವೆಲ್ಲ ಆಚೆ ಈಚೆ ಹಾರುತ್ತೆ.’

ಯಂತ್ರ ಕೆಟ್ಟಿರುವುದಿಲ್ಲ. ಬಹಳ ಸಲ ಅದರ ಕೊಳವೆಯ ತುದಿಗೆ ಸಿಕ್ಕಿಸಿದ ಮೂತಿ ತಪ್ಪಾಗಿರುತ್ತದೆ. ಆ ತಪ್ಪಿನ ಬೇರು ಹುಡುಕುತ್ತ ಹೋದರೆ ಯಂತ್ರದ ಹುಟ್ಟೂರಿಗೇ ಹೋಗಬೇಕಾಗುತ್ತದೆ.

1901ರ ಲಂಡನ್. ಸೇತುವೆಗಳನ್ನೂ ದೈತ್ಯಾಕಾರದ ತಿರುಗು ತೊಟ್ಟಿಲುಗಳನ್ನೂ ಕಟ್ಟುತ್ತಿದ್ದ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಒಂದು ಪ್ರದರ್ಶನ ನೋಡಲು ಹೋದ. ಅಲ್ಲಿದ್ದ ಯಂತ್ರ ಜೋರಾಗಿ ಗಾಳಿ ಊದಿ ದೂಳನ್ನು ಎಬ್ಬಿಸುತ್ತಿತ್ತು. ಎದ್ದ ದೂಳು ಪೆಟ್ಟಿಗೆಯೊಳಗೆ ಬೀಳಬೇಕೆಂಬುದು ಆಸೆ. ಬಹುಪಾಲು ಕೋಣೆಯಲ್ಲೇ ಉಳಿಯುತ್ತಿತ್ತು. ಊದುವ ಬದಲು ಹೀರಿದರೇನು ಎಂದು ಬೂತ್ ಯೋಚಿಸಿದ. ಹೋಟೆಲೊಂದರಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಜೋರಾಗಿ ಉಸಿರೆಳೆದ. ಕೆಮ್ಮು ಹತ್ತಿತು ನಿಜ, ಆದರೆ ಬಟ್ಟೆಯ ಅಡಿಭಾಗದಲ್ಲಿ ಕಪ್ಪು ಗುರುತು ಮೂಡಿತ್ತು. ಅದೇ ವರ್ಷ ಆತ ಹಕ್ಕುಪತ್ರ ಪಡೆದ ಯಂತ್ರ ಮನೆಯೊಳಗೆ ಹಿಡಿಸುವಂಥದಲ್ಲ. ಕುದುರೆ ಗಾಡಿಯ ಮೇಲೆ ಕೂರಿಸಿದ ಪೆಟ್ರೋಲ್ ಎಂಜಿನ್ ಅದು. ಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು. ಉದ್ದನೆಯ ಕೊಳವೆಗಳು ಕಿಟಕಿಯ ಮೂಲಕ ಒಳಗೆ ಹೋಗುತ್ತಿದ್ದವು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಯ ದೂಳು ತೆಗೆದದ್ದು ಈ ಯಂತ್ರವೇ.

ಮನೆಯೊಳಗೆ ತಳ್ಳಿಕೊಂಡು ಓಡಾಡಬಲ್ಲ ಯಂತ್ರ ಬಂದದ್ದು ಅಮೆರಿಕದಿಂದ. ಒಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಜೇಮ್ಸ್ ಮರ‍್ರೆ ಸ್ಪ್ಯಾಂಗ್ಲರ್ ಎಂಬಾತ ದೊಡ್ಡ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದ. ಅವನಿಗೆ ಉಬ್ಬಸ. ಗಂಬಳಿ ಗುಡಿಸಿದಾಗ ಏಳುತ್ತಿದ್ದ ದೂಳು ರೋಗವನ್ನು ಹೆಚ್ಚಿಸುತ್ತಿತ್ತು. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ, ಮುಂದೆ ತಿರುಗುವ ಬ್ರಶ್ ಒಂದನ್ನು ಜೋಡಿಸಿ ಅವನು ಮಾಡಿಕೊಂಡ ಯಂತ್ರಕ್ಕೆ 1908ರ ಜೂನ್ 2ರಂದು ಹಕ್ಕುಪತ್ರ ಸಿಕ್ಕಿತು. ಚರ್ಮದ ಸಾಮಾನು ತಯಾರಿಸುತ್ತಿದ್ದ ವಿಲಿಯಂ ಹೂವರ್ ಅದನ್ನು ಕೊಂಡುಕೊಂಡ. ಇಂಗ್ಲೆಂಡಿನಲ್ಲಿ ಇಂದಿಗೂ ಮನೆ ಗುಡಿಸುವುದಕ್ಕೆ ‘ಹೂವರ್ ಮಾಡುವುದು’ ಎನ್ನುತ್ತಾರೆ. ಸ್ಪ್ಯಾಂಗ್ಲರನ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ.

ಈ ಎರಡು ಕಥೆಗಳಲ್ಲಿಯೂ ಗಮನಿಸಬೇಕಾದದ್ದು ಗಂಬಳಿ. ತಿರುಗುವ ಬ್ರಶ್ ಇದ್ದದ್ದು ಗಂಬಳಿಯ ಎಳೆಗಳ ಬುಡಕ್ಕೆ ಇಳಿದ ದೂಳನ್ನು ಬಡಿದೆಬ್ಬಿಸಲು. 1926ರಲ್ಲಿ ಹೂವರ್ ಕಂಪನಿ ಅದಕ್ಕೆ ಬಡಿಯುವ ಲೋಹದ ಪಟ್ಟಿಯನ್ನೂ ಸೇರಿಸಿತು. ಚಳಿ ದೇಶದಲ್ಲಿ ಗೋಡೆಯಿಂದ ಗೋಡೆಗೆ ಹಾಸಿ ಬಿಗಿದ ಗಂಬಳಿಯನ್ನು ಹೊರಗೆ ಒಯ್ದು ಕೊಡವುವುದು ಆಗದ ಮಾತು. ನಮ್ಮಲ್ಲಿ ನವಲಗುಂದದ ಜಮಖಾನೆಯನ್ನು ಇಬ್ಬರು ಎರಡು ತುದಿ ಹಿಡಿದು ಅಂಗಳದಲ್ಲಿ ಕೊಡವಿದರೆ ಕೆಲಸ ಮುಗಿಯಿತು. ಜಮಖಾನೆ ತೆಗೆದ ಮೇಲೆ ಉಳಿಯುವುದು ಗಟ್ಟಿ ನೆಲ.

ಆ ನೆಲಕ್ಕೂ ಒಂದು ಚರಿತ್ರೆ ಇದೆ. ಮೊದಲು ಸಗಣಿ ಸಾರಿಸಿದ ಮಣ್ಣಿನ ನೆಲ. ಸಗಣಿಯ ನಾರು ಮಣ್ಣಿನ ಕಣಗಳನ್ನು ಹಿಡಿದಿಡುತ್ತಿತ್ತು. ಬಿರುಕು ಬಿಟ್ಟು ದೂಳೇಳುವ ಹೊತ್ತಿಗೆ ಮತ್ತೆ ಸಾರಿಸುತ್ತಿದ್ದರು. ಸ್ಥಿತಿವಂತರ ಮನೆಯಲ್ಲಿ ಗಾರೆ ನೆಲ. ಕಲಬುರ್ಗಿ ಕಡೆ ಶಹಾಬಾದಿನ ಕಲ್ಲು, ದಕ್ಷಿಣದಲ್ಲಿ ಕಡಪ ಕಲ್ಲು, ಕರಾವಳಿಯಲ್ಲಿ ಮಂಗಳೂರಿನ ಕಾರ್ಖಾನೆಗಳ ಸುಟ್ಟ ಮಣ್ಣಿನ ಹಂಚು. ಆಮೇಲೆ ಎಣ್ಣೆ, ಮೇಣ ಸವರಿ ಕನ್ನಡಿಯಂತೆ ಹೊಳಪೇರಿಸಿದ ರೆಡ್ ಆಕ್ಸೈಡ್, ಮೊಸಾಯಿಕ್, ಗ್ರಾನೈಟ್, ಈಗ ಎಲ್ಲೆಲ್ಲೂ ವಿಟ್ರಿಫೈಡ್ ಟೈಲ್ಸ್. ಇವುಗಳಿಗೆ ತಕ್ಕ ಸಾಧನಗಳೂ ಬೆಳೆದವು: ಒಳಗೆ ಹುಲ್ಲಿನ ಪೊರಕೆ, ಅಂಗಳಕ್ಕೆ ತೆಂಗಿನ ಗರಿಯ ಕಡ್ಡಿ ಪೊರಕೆ. ಉತ್ತರದಲ್ಲಿ ಕಸಬರಿಗೆ, ಕರಾವಳಿಯಲ್ಲಿ ಹಿಡಿಸೂಡಿ ಎಂದು ಹೆಸರು ಬೇರೆ ಬೇರೆ. ದೀಪ ಹಚ್ಚಿದ ಮೇಲೆ ಗುಡಿಸಬಾರದು, ಪೊರಕೆಯನ್ನು ತುಳಿಯಬಾರದು, ಅದರಲ್ಲಿ ಲಕ್ಷ್ಮಿ ಇದ್ದಾಳೆ ಎಂಬ ನಂಬಿಕೆ ಊರೂರಲ್ಲಿದೆ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದಳು ಎನ್ನುತ್ತದೆ ಪರಂಪರೆ. ಪೊರಕೆಗೆ ಕೊಟ್ಟ ಗೌರವ ಪೊರಕೆ ಹಿಡಿದ ಕೈಗೂ ಎಷ್ಟರಮಟ್ಟಿಗೆ ಸಿಕ್ಕಿತು ಎಂಬುದು ಬೇರೆಯೇ ಪ್ರಶ್ನೆ.

ಪೊರಕೆಯ ಒಂದು ದೋಷವನ್ನು ಮಾತ್ರ ಮುಚ್ಚಿಡುವಂತಿಲ್ಲ. ಅದು ದಪ್ಪ ಕಸವನ್ನು ತಳ್ಳುತ್ತದೆ, ಸಣ್ಣ ದೂಳನ್ನು ಎಬ್ಬಿಸುತ್ತದೆ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನಿನ ಕಣ ಎದೆಯೆತ್ತರದಿಂದ ನೆಲಕ್ಕಿಳಿಯಲು ಏಳು ನಿಮಿಷದಷ್ಟು ಬೇಕು. ಎರಡೂವರೆ ಮೈಕ್ರಾನಿನ ಕಣಕ್ಕೆ ಸುಮಾರು ಎರಡು ಗಂಟೆ. ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನಿನ ಆಸುಪಾಸು ಎಂದರೆ ಇವು ಎಷ್ಟು ಸಣ್ಣವೆಂದು ಅಂದಾಜಾದೀತು. ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇವೇ. ಬೆಳಿಗ್ಗೆ ಗುಡಿಸಿ ಒರೆಸಿದ ನೆಲದ ಮೇಲೆ ಮಧ್ಯಾಹ್ನ ಬೆರಳೆಳೆದರೆ ಗೆರೆ ಮೂಡುವುದರ ಗುಟ್ಟು ಇಲ್ಲಿದೆ: ಎದ್ದ ದೂಳು ಒರೆಸಿದ ಮೇಲೆ ನಿಧಾನವಾಗಿ ಇಳಿದಿರುತ್ತದೆ. ನೀರು ಚಿಮುಕಿಸಿ ಅಂಗಳ ಗುಡಿಸುತ್ತಿದ್ದ ಅಜ್ಜಿಯರು ಈ ಲೆಕ್ಕವನ್ನು ಮೈಕ್ರಾನಿಲ್ಲದೆಯೇ ಅರಿತಿದ್ದರು. ಅದಿರು ಲಾರಿಗಳು ಓಡಾಡುವ ಸಂಡೂರು, ಹೊಸಪೇಟೆ ಕಡೆಯ ರಸ್ತೆ ಬದಿಯ ಮನೆಗಳಲ್ಲಾಗಲಿ, ಎದುರಿನ ನಿವೇಶನದಲ್ಲಿ ಕಟ್ಟಡ ಏಳುತ್ತಿರುವ ಬೆಂಗಳೂರಿನ ಬಡಾವಣೆಯಲ್ಲಾಗಲಿ, ಬಗ್ಗಿ ಗುಡಿಸುವ ಹೆಂಗಸಿನ ಮೂಗು ನೆಲಕ್ಕೆ ಎಷ್ಟು ಹತ್ತಿರವಿರುತ್ತದೆ ಎಂಬುದನ್ನು ನೆನೆಯಬೇಕು. ಆಕೆಗೆ ಉಬ್ಬಸವಿದ್ದರೆ ಸ್ಪ್ಯಾಂಗ್ಲರನ ಕಷ್ಟವೇ ಆಕೆಯದೂ.

ಭಾರತದಲ್ಲಿ 1982ರಲ್ಲಿ ಯುರೇಕಾ ಫೋರ್ಬ್ಸ್ ಕಂಪನಿ ಮನೆ ಮನೆಗೆ ಮಾರಾಟಗಾರರನ್ನು ಕಳಿಸಿ ವ್ಯಾಕ್ಯೂಮ್ ಕ್ಲೀನರನ್ನು ಮಧ್ಯಮ ವರ್ಗಕ್ಕೆ ಪರಿಚಯಿಸಿತು. ಪೆಟ್ಟಿಗೆಯಲ್ಲಿ ಯಂತ್ರದ ಜತೆ ಅರ್ಧ ಡಜನ್ ಮೂತಿಗಳು. ಯಾವುದು ಯಾವುದಕ್ಕೆ ಎಂಬುದು ಪ್ರದರ್ಶನ ಮುಗಿದ ಮರುದಿನವೇ ಮರೆತುಹೋಗುತ್ತಿತ್ತು.

ಮೂತಿ ಆರಿಸಲು ತಿಳಿದಿರಬೇಕಾದ ತತ್ವ ಸರಳ. ಯಂತ್ರ ದೂಳನ್ನು ಹಿಡಿದು ಎಳೆಯುವುದಿಲ್ಲ. ಒಳಗಿನ ಫ್ಯಾನು ಗಾಳಿಯನ್ನು ಹಿಂದಕ್ಕೆ ದೂಡುತ್ತದೆ. ಆ ಜಾಗ ತುಂಬಲು ಹೊರಗಿನ ಗಾಳಿ ಮೂತಿಯ ಮೂಲಕ ನುಗ್ಗುತ್ತದೆ. ನುಗ್ಗುವ ಗಾಳಿ ದೂಳನ್ನು ಹೊತ್ತೊಯ್ಯುತ್ತದೆ. ಗಾಳಿ ನುಗ್ಗಲು ಸಂದು ಇರಲೇಬೇಕು. ಗಂಬಳಿಯ ಎಳೆಗಳ ನಡುವೆ ಸಂದು ತಾನಾಗಿಯೇ ಇರುತ್ತದೆ. ನುಣುಪಾದ ಗ್ರಾನೈಟಿನ ಮೇಲೆ ಚಪ್ಪಟೆ ಮೂತಿ ಇಟ್ಟರೆ ಅದು ಬಚ್ಚಲಿನ ರಬ್ಬರ್ ಮುಚ್ಚಳದಂತೆ ಅಂಟಿಕೊಳ್ಳುತ್ತದೆ. ಆಗ ಮೋಟಾರಿನ ಸದ್ದು ಏರುತ್ತದೆ. ‘ಎಷ್ಟು ಜೋರಾಗಿ ಎಳೀತಿದೆ ನೋಡಿ’ ಎಂದು ಅಂಗಡಿಯವನು ಹೇಳುವುದು ಆ ಕ್ಷಣದಲ್ಲೇ. ವಾಸ್ತವದಲ್ಲಿ ಆಗ ಗಾಳಿ ಹರಿಯುತ್ತಿರುವುದಿಲ್ಲ. ಹೊರೆ ಇಳಿದ ಫ್ಯಾನು ಬರಿದೇ ವೇಗವಾಗಿ ಸುತ್ತುತ್ತಿರುತ್ತದೆ.

ಆದ್ದರಿಂದ ಗಟ್ಟಿ ನೆಲಕ್ಕೆ ಬೇಕಾದದ್ದು ಅಂಚಿನಲ್ಲಿ ಕೂದಲಿನ ಸಾಲು ಇರುವ ಅಗಲ ಮೂತಿ. ಅಂಗಡಿಗಳಲ್ಲಿ ಫ್ಲೋರ್ ಬ್ರಶ್ ಎನ್ನುತ್ತಾರೆ. ಯುರೋಪಿನ ಮರದ ನೆಲಗಳಿಗೆ ಕುದುರೆ ಕೂದಲಿನಿಂದ ಮಾಡಿದ ಮೂತಿಗಳೂ ಇವೆ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ನೈಲಾನ್. ಕೂದಲು ಮೂತಿಯನ್ನು ನೆಲದಿಂದ ಕೊಂಚ ಎತ್ತಿ ಹಿಡಿಯುತ್ತದೆ, ಅಂಟಿದ ದೂಳನ್ನು ಸಡಿಲಿಸುತ್ತದೆ, ಗಾಳಿ ನೆಲದ ಮಟ್ಟದಲ್ಲೇ ನುಗ್ಗುವಂತೆ ಮಾಡುತ್ತದೆ. ಮುಂಭಾಗದ ಕೂದಲ ಸಾಲಿನಲ್ಲಿ ಅಲ್ಲಲ್ಲಿ ಬಿರುಕು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಕ್ಕಿಕಾಳು, ಸಾಸಿವೆಯಂಥವು ಒಳಗೆ ಹೋಗದೆ ಮುಂದಕ್ಕೆ ತಳ್ಳಿಸಿಕೊಳ್ಳುತ್ತ ಹೋಗುತ್ತವೆ.

ಬಹಳಷ್ಟು ಯಂತ್ರಗಳ ಜತೆ ಬರುವುದು ಎರಡೂ ಕೆಲಸಕ್ಕಾಗುವ ಮೂತಿ. ಅದರ ನೆತ್ತಿಯ ಮೇಲೆ ಕಾಲಲ್ಲಿ ಒತ್ತುವ ಪೆಡಲ್ ಇರುತ್ತದೆ. ಒಂದು ಕಡೆ ಒತ್ತಿದರೆ ಕೂದಲು ಕೆಳಗಿಳಿಯುತ್ತದೆ, ಇನ್ನೊಂದು ಕಡೆ ಒತ್ತಿದರೆ ಒಳಸೇರುತ್ತದೆ. ಪೆಡಲ್ ಗಂಬಳಿಯ ಕಡೆಗೇ ಇದ್ದು, ವರ್ಷಗಟ್ಟಲೆ ಟೈಲ್ಸ್ ಮೇಲೆ ಬರಿಯ ಪ್ಲಾಸ್ಟಿಕ್ ಉಜ್ಜಿದ ಮನೆಗಳೂ ಇವೆ. ಅಟ್ಟದ ಮೇಲಿನ ಯಂತ್ರವನ್ನು ಇಳಿಸಿದವರು ಹೊಸದನ್ನು ಕೊಳ್ಳುವ ಮುನ್ನ ಈ ಪೆಡಲನ್ನೊಮ್ಮೆ ಒತ್ತಿ ನೋಡುವುದು ಮೇಲು.

ಇನ್ನು ಸ್ಪ್ಯಾಂಗ್ಲರನ ತಿರುಗುವ ಬ್ರಶ್. ಮೋಟಾರಿನಿಂದ ತಿರುಗುವ ಬಿರುಸು ಕೂದಲಿನ ಈ ಮೂತಿ ಗಂಬಳಿಯ ಮೇಲೆ ರಾಜ. ಗಟ್ಟಿ ನೆಲದ ಮೇಲೆ ಅದೇ ಪುಂಡ. ಅಲ್ಲಿ ಬಡಿದೆಬ್ಬಿಸಲು ಏನೂ ಇಲ್ಲದ ಕಾರಣ ಮರಳು, ಕಾಳುಗಳನ್ನು ಹಿಂದಕ್ಕೆ ಸಿಡಿಸುತ್ತದೆ. ‘ಕಸ ಆಚೆ ಈಚೆ ಹಾರುತ್ತೆ’ ಎಂಬ ದೂರು ಎಷ್ಟೋ ಸಲ ಇದರದ್ದೇ. ಬ್ರಶ್ ನಿಲ್ಲಿಸುವ ಗುಂಡಿ ಇದ್ದರೆ ನಿಲ್ಲಿಸಬೇಕು. ತಾನೇ ಓಡಾಡುವ ರೋಬಾಟ್ ಯಂತ್ರಗಳ ಪಕ್ಕದಲ್ಲಿ ಗಿರಗಿರನೆ ಸುತ್ತುವ ಪುಟ್ಟ ಬ್ರಶ್ಶಿಗೂ ಇದೇ ಚಾಳಿ. 2010ರ ದಶಕದಲ್ಲಿ ಬಂದ ಮೆತ್ತನೆಯ ಬಟ್ಟೆಯ ರೋಲರ್ ಮೂತಿ ಮಾತ್ರ ಬೇರೆ ಜಾತಿ. ಅದು ನೆಲವನ್ನು ಬಡಿಯದೆ ಸವರುತ್ತದೆ, ದಪ್ಪ ಕಾಳು ಬಂದರೆ ಬಗ್ಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಬೆಲೆ ಮಾತ್ರ ಮೆತ್ತಗಿಲ್ಲ.

ಸವರುವುದು ಯಾಕೆ ಬೇಕು? ಗಾಳಿ ಎಷ್ಟೇ ಜೋರಾಗಿ ಬೀಸಿದರೂ ನೆಲಕ್ಕೆ ತಾಗಿದ ತೆಳುವಾದ ಪದರದಲ್ಲಿ ಅದರ ವೇಗ ಸತ್ತಿರುತ್ತದೆ. ಓಡುವ ಬಸ್ಸಿನ ಹೊರಮೈಯಲ್ಲಿ ದೂಳು ಕೂತೇ ಇರುವುದು ಹೀಗೆಯೇ. ಅತಿ ಸಣ್ಣ ಕಣಗಳಿಗೆ ತೂಕಕ್ಕಿಂತ ಅಂಟುವ ಗುಣವೇ ಹೆಚ್ಚು. ಅವು ಮುಟ್ಟಿಸಿಕೊಳ್ಳದೆ ಏಳುವುದಿಲ್ಲ. ಮೂತಿ ಎಷ್ಟೇ ಒಳ್ಳೆಯದಾದರೂ ಕೊನೆಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುವ ಕೆಲಸ ತಪ್ಪದು. ಕ್ರಮ ಮಾತ್ರ ತಿರುವುಮುರುವಾಗಬಾರದು. ಮೊದಲೇ ನೀರು ಹಾಕಿದರೆ ದೂಳು ಕೆಸರಾಗಿ ಟೈಲ್ಸ್ ಸಂದಿಗೆ ಸೇರುತ್ತದೆ. ಒದ್ದೆ ನೆಲದ ಮೇಲೆ ಮಾಮೂಲಿ ಯಂತ್ರ ಓಡಿಸುವುದಂತೂ ಅಪಾಯ, ಹೀರಿದ ನೀರು ಮೋಟಾರಿಗೇ ಹೋದೀತು. ಹಬ್ಬಕ್ಕೆ ಮನೆ ತೊಳೆದು ನೀರನ್ನೂ ಯಂತ್ರದಲ್ಲೇ ಎಳೆಯಬೇಕೆನ್ನುವವರು ನೀರಿಗೂ ಆಗುವ ಯಂತ್ರ, ಅದಕ್ಕೆ ರಬ್ಬರ್ ಅಂಚಿನ ಮೂತಿ ತೆಗೆದುಕೊಳ್ಳಬೇಕು.

ಗೋಡೆಯ ಅಂಚು, ಬಾಗಿಲ ಸಂದಿ, ಬೀರುವಿನ ಅಡಿಗೆ ಕೊಕ್ಕಿನಂಥ ಸಪೂರ ಮೂತಿ ಇದೆ. ಬಾಯಿ ಕಿರಿದಾದಷ್ಟೂ ಗಾಳಿಯ ವೇಗ ಹೆಚ್ಚು ಎಂದು ಇಡೀ ಹಜಾರಕ್ಕೆ ಇದನ್ನೇ ಹಿಡಿದರೆ ಬೆಳಗಿನಿಂದ ಸಂಜೆಯಾದೀತು.

ನೆಲದ ಜಾತಿಯನ್ನೂ ನೋಡಬೇಕು. ಮರಳಿನ ಕಣ ಬೆಣಚು ಕಲ್ಲಿನ ಚೂರು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಅದಕ್ಕೆ 7. ಅಮೃತಶಿಲೆಗೆ 3ರ ಆಸುಪಾಸು. ಕಡಪ, ಶಹಾಬಾದ್ ಕಲ್ಲುಗಳು ಸುಣ್ಣದ ಕಲ್ಲಿನ ವರ್ಗದವು, ಅವೂ ಮೆತ್ತಗೆ. ಮೂತಿಯ ಗಾಲಿಗೆ ಸಿಕ್ಕಿಕೊಂಡ ಒಂದು ಮರಳಿನ ಕಣ ಇಂಥ ನೆಲದ ಮೇಲೆ ಉದ್ದಕ್ಕೂ ಗೀರೆಳೆಯಬಲ್ಲದು. ಹಳೆಯ ರೆಡ್ ಆಕ್ಸೈಡ್ ನೆಲವಂತೂ ಮತ್ತೂ ನಾಜೂಕು, ಕೆಟ್ಟರೆ ಮತ್ತೆ ಹಾಗೆ ಮಾಡಿಕೊಡುವ ಗಾರೆ ಕೆಲಸದವರು ಸಿಗುವುದು ಕಷ್ಟ. ಗಾಲಿ ರಬ್ಬರಿನದಿದ್ದರೆ ವಾಸಿ. ತಿಂಗಳಿಗೊಮ್ಮೆ ಮೂತಿಯನ್ನು ತಿರುಗಿಸಿ ಗಾಲಿ, ಕೂದಲು ಒರೆಸಬೇಕು.

ಮುಂದಿನ ಬಾಯಷ್ಟೇ ಹಿಂದಿನ ಬಾಯಿಯೂ ಮುಖ್ಯ. ಹೀರಿದ ಗಾಳಿ ಹೊರಗೆ ಬರಲೇಬೇಕು. ಚೀಲವೋ ಫಿಲ್ಟರೋ ಸಡಿಲವಾಗಿದ್ದರೆ ದಪ್ಪ ದೂಳು ಒಳಗುಳಿದು ಸಣ್ಣದು ಕೋಣೆಗೇ ಮರಳುತ್ತದೆ, ಬೂತ್ ನೋಡಿದ ಊದುವ ಯಂತ್ರದಂತೆಯೇ. 0.3 ಮೈಕ್ರಾನಿನ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯಬೇಕೆಂಬ ಕಟ್ಟುಪಾಡಿನ ‘ಹೆಪಾ’ ಫಿಲ್ಟರ್, ಉಬ್ಬಸದವರಿರುವ ಮನೆಗೆ ದುಡ್ಡು ಕೊಟ್ಟದ್ದಕ್ಕೆ ಸಾರ್ಥಕ. ಆದರೆ ಟೈಲ್ಸ್ ಕತ್ತರಿಸಿದ, ಗಾರೆ ಉಜ್ಜಿದ ದೂಳಿಗೆ ಮನೆಯ ಯಂತ್ರ ಹಿಡಿಯಬಾರದು. ಫಿಲ್ಟರ್ ಕಟ್ಟಿಕೊಂಡು ಮೋಟಾರು ಸುಡುತ್ತದೆ. ಅದಕ್ಕಿಂತ ಮುಖ್ಯವಾಗಿ ಆ ದೂಳಿನಲ್ಲಿ ಸಿಲಿಕಾ ಇರುತ್ತದೆ. ಕಲ್ಲು ಕೆಲಸಗಾರರ ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ರೋಗದ ಮೂಲ ಅದು. ಅಂಥ ಕಡೆ ಒದ್ದೆ ಮಾಡಿ ಬಳಿದು ತೆಗೆಯುವುದೇ ಸರಿ.

ಮೂತಿಯನ್ನು ಬಿಡಿಯಾಗಿ ಕೊಳ್ಳುವವರು ಹಳೆಯ ಕೊಳವೆಯನ್ನೂ ಅಂಗಡಿಗೆ ಒಯ್ಯಬೇಕು. 32 ಮತ್ತು 35 ಮಿಲಿಮೀಟರ್ ಎರಡೂ ಅಳತೆಗಳು ಚಾಲ್ತಿಯಲ್ಲಿವೆ. ಕಣ್ಣಿಗೆ ಒಂದೇ ತರ ಕಂಡರೂ ಒಂದಕ್ಕೊಂದು ಕೂರುವುದಿಲ್ಲ. ಹಾಗೆಯೇ ಒಂದು ಹಿಡಿ ರಾಗಿ, ಒಂದು ಚಿಟಿಕೆ ಹಿಟ್ಟನ್ನು ಪೊಟ್ಟಣ ಕಟ್ಟಿಕೊಂಡು ಹೋದರೆ ನಷ್ಟವಿಲ್ಲ. ಅಂಗಡಿಯ ಟೈಲ್ಸ್ ಮೇಲೆ ಎರಡನ್ನೂ ಚೆಲ್ಲಿ ಯಂತ್ರ ಓಡಿಸಲು ಹೇಳಬೇಕು. ರಾಗಿ ಹಿಂದಕ್ಕೆ ಸಿಡಿಯುತ್ತದೆಯೋ, ಹಿಟ್ಟಿನ ಗೆರೆ ಟೈಲ್ಸ್ ಸಂದಿಯಲ್ಲಿ ಉಳಿಯುತ್ತದೆಯೋ ಎಂಬುದನ್ನು ಒಂದೇ ಎಳೆತದಲ್ಲಿ ನೋಡಬಹುದು.