ಹೊಗೆಬತ್ತಿ ಹೋಗಿ ಹಬೆಬತ್ತಿ ಬಂದಿತು!

ಕಳೆದ ಬೇಸಗೆಯ ರಜೆಯಲ್ಲಿ ಅಕ್ಕನನ್ನು ನೋಡಿಬರಲೆಂದು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋಗಿದ್ದೆ. ನಮ್ಮ ಭಾವನವರು ಇಪ್ಪತ್ತು ವರ್ಷ ಬಿಡದೆ ಸಿಗರೇಟು ಸೇದಿದವರು. ನಮ್ಮ ತಂದೆಯವರನ್ನು ಬಲಿ ತೆಗೆದುಕೊಂಡದ್ದೂ ಅದೇ ಹೊಗೆ. ಆದುದರಿಂದ ಅಕ್ಕನಿಗೆ ಆ ವಾಸನೆ ಬಂದರೇ ಎದೆ ನಡುಗುತ್ತಿತ್ತು. ಈ ಸಲ ಹೋದಾಗ ಮನೆಯಲ್ಲಿ ಆ ವಾಸನೆ ಇರಲಿಲ್ಲ. ಬದಲಾಗಿ ಭಾವನವರ ಕೈಯಲ್ಲಿ ಲೇಖನಿಯಷ್ಟು ಉದ್ದದ ಲೋಹದ ಕೊಳವೆಯೊಂದಿತ್ತು. ಅದನ್ನು ಎಳೆದರೆ ಬಿಳಿಯ ಮೋಡ ಹೊರಡುತ್ತಿತ್ತು, ಬೂದಿಯಿಲ್ಲ, ಬೆಂಕಿಯಿಲ್ಲ.

ಮರುದಿನ ಅದಕ್ಕೆ ತುಂಬುವ ದ್ರವವನ್ನು ಕೊಳ್ಳಲು ಅವರೊಡನೆ ಅಂಗಡಿಗೆ ಹೋದೆ. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಶೀಸೆಗಳು. ಮಾವು, ಪುದೀನ, ಕಾಫಿ—ರುಚಿಗಳಿಗೆ ಲೆಕ್ಕವೇ ಇಲ್ಲ. ಎಲ್ಲರೂ ರುಚಿಯನ್ನು ಕೇಳುತ್ತಿದ್ದರು, ನಿಕೋಟಿನ್ ಎಷ್ಟೆಂದು ಕೇಳುತ್ತಿದ್ದರು. ಶೀಸೆಯ ಬಹುಪಾಲನ್ನು ತುಂಬಿರುವ ಬಣ್ಣವಿಲ್ಲದ ದ್ರವ ಯಾವುದೆಂದು ಒಬ್ಬರೂ ಕೇಳಲಿಲ್ಲ.

"ಭಾವ, ಇದರಲ್ಲಿ ನೀವು ಉಸಿರಾಡುವುದು ಏನನ್ನು?" ಎಂದೆ.

"ನೀನು ಕನ್ನಡ ಮೇಷ್ಟರು, ಸಾರವನ್ನು ಬಿಟ್ಟು ಪಾತ್ರೆಯನ್ನು ವಿಚಾರಿಸುತ್ತೀಯಲ್ಲಯ್ಯ!" ಎಂದು ಅವರು ನಕ್ಕರು.

ಪಾತ್ರೆಯನ್ನು ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಎರಡು ದ್ರವಗಳು

ವಿದ್ಯುತ್ ಸಿಗರೇಟಿನ ಕಲ್ಪನೆ ಹೊಸದಲ್ಲ. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ 1963ರಲ್ಲಿಯೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಕೋರಿ, 1965ರಲ್ಲಿ ಪಡೆದನು. ಆದರೆ ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಇಂದಿನ ರೂಪದ ಯಂತ್ರವನ್ನು 2003ರ ಸುಮಾರಿಗೆ ನಿರ್ಮಿಸಿದವನು ಚೀನದ ಔಷಧ ಶಾಸ್ತ್ರಜ್ಞ ಹಾನ್ ಲಿಕ್. ಅವನ ತಂದೆಯೂ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡವರೇ ಎಂಬುದನ್ನು ಓದಿದಾಗ ನನ್ನ ಮನಸ್ಸು ಕರಗಿತು.

ಯಂತ್ರದ ಕೆಲಸ ಸರಳವಾದುದು. ಬ್ಯಾಟರಿಯು ಸಣ್ಣ ತಂತಿಯ ಸುರುಳಿಯನ್ನು ಕಾಯಿಸುತ್ತದೆ. ಸುರುಳಿಯ ಬಳಿಯ ಹತ್ತಿಯ ಬತ್ತಿಯು ದ್ರವವನ್ನು ಹೀರಿಕೊಂಡಿರುತ್ತದೆ. ದ್ರವ ಕಾದು ಆವಿಯಾಗಿ, ತಣಿದು, ಅತಿ ಸೂಕ್ಷ್ಮ ಹನಿಗಳಾಗಿ ಬಾಯಿಗೆ ಬರುತ್ತದೆ. ನಾವು ಹಬೆ ಎನ್ನುವುದು ನೀರಿನ ಹಬೆಯಲ್ಲ. ಈ ಹನಿಗಳ ಮೋಡ. ಶೀಸೆಯ ನೂರು ಪಾಲಿನಲ್ಲಿ ಸಾಮಾನ್ಯವಾಗಿ ಎಂಬತ್ತಕ್ಕಿಂತ ಹೆಚ್ಚು ಪಾಲು ಮೂಲದ್ರವವೇ ಆಗಿರುವುದರಿಂದ, ಮೋಡದ ಬಹುಭಾಗವೂ ಅದೇ.

ಮೂಲದ್ರವವಾಗಿ ಬಳಕೆಯಲ್ಲಿರುವವು ಮುಖ್ಯವಾಗಿ ಎರಡು. ಮೊದಲನೆಯದು ನಮಗೆಲ್ಲ ಪರಿಚಿತವಾದ ಗ್ಲಿಸರಿನ್. ಚಳಿಗಾಲದಲ್ಲಿ ಒಡೆದ ತುಟಿಗೆ ಸವರುವುದೂ ಅದೇ, ಚಲನಚಿತ್ರದ ನಾಯಕಿಯ ಕಣ್ಣಲ್ಲಿ ನೀರು ತರಿಸುವುದೂ ಅದೇ. ತಾಳೆ, ಸೋಯಾ, ತೆಂಗು ಮೊದಲಾದ ಎಣ್ಣೆಗಳಿಂದ ಸಾಬೂನು ತಯಾರಿಸುವಾಗ ಉಪೋತ್ಪನ್ನವಾಗಿ ದೊರೆಯುತ್ತದೆ. ಗ್ರೀಕ್ ಭಾಷೆಯಲ್ಲಿ 'ಸಿಹಿ' ಎಂಬ ಅರ್ಥದ ಪದದಿಂದ ಅದರ ಹೆಸರು ಹುಟ್ಟಿದೆ, ರುಚಿಯೂ ಸಿಹಿಯೇ. ಎರಡನೆಯದು ಪ್ರೊಪಿಲೀನ್ ಗ್ಲೈಕಾಲ್. ಇದನ್ನು ಹೆಚ್ಚಾಗಿ ಪೆಟ್ರೋಲಿಯಂ ಮೂಲದಿಂದ ತಯಾರಿಸುತ್ತಾರೆ. ಔಷಧಗಳಲ್ಲಿ, ಆಹಾರದ ಸುವಾಸನಾ ದ್ರವ್ಯಗಳಲ್ಲಿ, ರಂಗಭೂಮಿಯ ಕೃತಕ ಮಂಜಿನಲ್ಲಿ ಇದರ ಬಳಕೆಯುಂಟು. ಶೀಸೆಗಳ ಮೇಲೆ ಇವನ್ನು ವಿ.ಜಿ., ಪಿ.ಜಿ. ಎಂದು ಮೊಟಕುಗೊಳಿಸಿ ಮುದ್ರಿಸಿರುತ್ತಾರೆ.

ಇವುಗಳ ಸ್ವಭಾವ ಬೇರೆ ಬೇರೆ. ಪ್ರೊಪಿಲೀನ್ ಗ್ಲೈಕಾಲ್ ತೆಳುವಾದುದು; ಸುಮಾರು 188 ಡಿಗ್ರಿ ಸೆಲ್ಸಿಯಸಿನಲ್ಲಿ ಕುದಿಯುತ್ತದೆ. ಬತ್ತಿಯಲ್ಲಿ ಸಲೀಸಾಗಿ ಹರಿಯುತ್ತದೆ, ಸುವಾಸನೆಯನ್ನು ಚೆನ್ನಾಗಿ ಹೊತ್ತು ತರುತ್ತದೆ, ಗಂಟಲಿಗೆ ಸಿಗರೇಟಿನಂತಹ ಚುರುಕನ್ನು ಕೊಡುತ್ತದೆ. ಆದರೆ ಕೆಲವರಿಗೆ ಗಂಟಲು ಒಣಗಿಸಿ ಕೆರೆತ ತರುವುದುಂಟು. ಗ್ಲಿಸರಿನ್ ಜೇನಿನಂತೆ ಮಂದವಾದುದು. ಕುದಿಯಲು ಸುಮಾರು 290 ಡಿಗ್ರಿ ಬೇಕು. ಗಂಟಲಿಗೆ ಮೃದು, ಮೋಡ ದಟ್ಟ. ಆದರೆ ಸಣ್ಣ ಯಂತ್ರದ ಬತ್ತಿಯೊಳಗೆ ಅದು ಬೇಗನೆ ಹರಿಯಲಾರದು. ಆದುದರಿಂದ ಕಡಿಮೆ ಶಕ್ತಿಯ ಸಣ್ಣ ಯಂತ್ರಕ್ಕೆ ಎರಡನ್ನೂ ಸಮಪಾಲಾಗಿ ಬೆರೆಸಿದ ದ್ರವ, ಹೆಚ್ಚು ಶಕ್ತಿಯ ದೊಡ್ಡ ಯಂತ್ರಕ್ಕೆ ಎಪ್ಪತ್ತು ಪಾಲು ಗ್ಲಿಸರಿನ್ ಉಳ್ಳ ದ್ರವ ಎಂಬುದು ಬಳಕೆದಾರರ ರೂಢಿ.

ಈ ಹೊಂದಾಣಿಕೆ ಕೇವಲ ಅನುಕೂಲದ ಮಾತಲ್ಲ. ಮಂದದ್ರವವು ಬತ್ತಿಗೆ ಸಕಾಲದಲ್ಲಿ ಏರದಿದ್ದರೆ ಬತ್ತಿ ಒಣಗಿ ಸೀಯುತ್ತದೆ. ಅತಿಯಾಗಿ ಕಾದಾಗ ಈ ದ್ರವಗಳು ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಎಂಬ ಕೆಟ್ಟ ವಸ್ತುಗಳು ಹುಟ್ಟುತ್ತವೆ. ಬಾಣಲೆಯಲ್ಲಿ ಎಣ್ಣೆ ಸುಟ್ಟಾಗ ಗೃಹಿಣಿಯ ಕಣ್ಣನ್ನು ಉರಿಸುವುದು ಇದೇ ಅಕ್ರೋಲಿನ್. ಸೀದ ರುಚಿ ಬಂದೊಡನೆ ಎಳೆಯುವುದನ್ನು ನಿಲ್ಲಿಸಬೇಕೆಂದು ಅನುಭವಿಗಳು ಹೇಳುವುದು ಅದಕ್ಕೇ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಆದರೆ ಪಾಲಿಗಿಂತ ದೊಡ್ಡ ಪ್ರಶ್ನೆ ಶುದ್ಧಿಯದು. ಔಷಧ ಚರಿತ್ರೆಯ ಒಂದು ಪುಟವನ್ನು ಇಲ್ಲಿ ನೆನೆಯಬೇಕು. 1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ದ್ರವರೂಪದಲ್ಲಿ ಕೊಡಲು ಹೊರಟಿತು. ಅದನ್ನು ಕರಗಿಸಲು ಆರಿಸಿದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿದ್ರವವನ್ನು. ನೂರಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕ ಮಕ್ಕಳು, ಮೂತ್ರಪಿಂಡ ಕೆಟ್ಟು ಸತ್ತರು. ಕೊಂದದ್ದು ಔಷಧವಲ್ಲ, ಅದನ್ನು ಹೊತ್ತ ದ್ರವ! ಮರುವರ್ಷವೇ ಆ ದೇಶದಲ್ಲಿ ಹೊಸ ಔಷಧ ಕಾಯಿದೆ ಬಂದಿತು. ನಮ್ಮ ಮುಂಬಯಿಯ ಆಸ್ಪತ್ರೆಯೊಂದರಲ್ಲಿಯೂ 1986ರಲ್ಲಿ ರೋಗಿಗಳಿಗೆ ಕೊಟ್ಟ ಗ್ಲಿಸರಿನ್‌ನಲ್ಲಿ ಇದೇ ವಿಷ ಬೆರೆತಿದ್ದು ಹದಿನಾಲ್ವರು ಪ್ರಾಣ ಕಳೆದುಕೊಂಡರು. ಕಣ್ಣಿಗೆ ಎರಡೂ ಒಂದೇ, ನಾಲಗೆಗೂ ಎರಡೂ ಸಿಹಿ. 2009ರಲ್ಲಿ ಅಮೆರಿಕದ ಔಷಧ ಇಲಾಖೆಯು ಪರೀಕ್ಷಿಸಿದ ವಿದ್ಯುತ್ ಸಿಗರೇಟುಗಳ ಮಾದರಿಗಳಲ್ಲಿ ಒಂದರಲ್ಲಿ ಈ ವಿಷ ಶೇಕಡ 1ರಷ್ಟು ಕಂಡುಬಂದಿತೆಂಬುದನ್ನು ಮರೆಯಲಾಗದು. ಆದುದರಿಂದಲೇ ಮೂಲದ್ರವವು ಫಾರ್ಮಕೋಪಿಯ ಎಂಬ ಔಷಧಗ್ರಂಥದ ಮಟ್ಟಕ್ಕೆ ಸಲ್ಲುವಂತಹುದೇ ಎಂಬುದನ್ನು ನೋಡಬೇಕಾಗುತ್ತದೆ.

ಇನ್ನು ಎಣ್ಣೆಯ ಮಾತು. ಎಣ್ಣೆಯು ಎಂದಿಗೂ ಮೂಲದ್ರವವಾಗಕೂಡದು. ಶ್ವಾಸಕೋಶಕ್ಕೆ ಇಳಿದ ಎಣ್ಣೆ ಅಲ್ಲಿ ಉರಿಯೂತವನ್ನು ಹುಟ್ಟಿಸುತ್ತದೆ. 2019ರಲ್ಲಿ ಅಮೆರಿಕದಲ್ಲಿ ಎದ್ದ ಶ್ವಾಸಕೋಶದ ಬೇನೆಗೆ 2020ರ ಫೆಬ್ರವರಿಯ ಹೊತ್ತಿಗೆ 2,800ಕ್ಕೂ ಹೆಚ್ಚು ಜನ ತುತ್ತಾದರು. 68 ಮಂದಿ ಸತ್ತರು. ಗಾಂಜಾದ ಸತ್ವವಿದ್ದ ಕಳ್ಳಸಂತೆಯ ದ್ರವಗಳಿಗೆ ಬೆರೆಸಿದ್ದ 'ವಿಟಮಿನ್ ಇ ಅಸಿಟೇಟ್' ಎಂಬ ಎಣ್ಣೆಯಂತಹ ವಸ್ತುವಿಗೂ ಈ ಬೇನೆಗೂ ಬಲವಾದ ಸಂಬಂಧವಿದೆಯೆಂದು ತಜ್ಞರು ಕಂಡುಕೊಂಡರು. ವಿಟಮಿನ್ ಎಂಬ ಹೆಸರನ್ನು ಕೇಳಿ ಯಾರು ತಾನೆ ಹೆದರಿಯಾರು? ನುಂಗಿದರೆ ನಿರಪಾಯವಾದುದು ಉಸಿರಾಡಲು ಯೋಗ್ಯವೆಂದು ಎಣಿಸುವುದೇ ಎಲ್ಲ ತಪ್ಪಿನ ಮೂಲ. ಹೊಟ್ಟೆ ಬೇರೆ, ಶ್ವಾಸಕೋಶ ಬೇರೆ. ಗ್ಲಿಸರಿನ್, ಗ್ಲೈಕಾಲ್‌ಗಳಿಗೂ ಈ ಮಾತು ಸಲ್ಲುತ್ತದೆ. ಹತ್ತಾರು ವರ್ಷ ಅವನ್ನು ದಿನವೂ ಉಸಿರಾಡಿದರೆ ಏನಾಗುವುದೆಂಬುದನ್ನು ಕಾಲವೇ ಹೇಳಬೇಕು.

ಅಲ್ಲಿನ ಕಟ್ಟಳೆ, ಇಲ್ಲಿನ ನಿಷೇಧ

ಬ್ರಿಟನ್ನಿನಲ್ಲಿ 2016ರಿಂದ ನಿಕೋಟಿನ್ ಉಳ್ಳ ದ್ರವಕ್ಕೆ ಕಟ್ಟಳೆಗಳಿವೆ. ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದು, ಶೀಸೆ 10 ಮಿಲಿಲೀಟರಿಗಿಂತ ದೊಡ್ಡದಿರಬಾರದು, ಮಕ್ಕಳು ತೆರೆಯಲಾಗದ ಮುಚ್ಚಳವಿರಬೇಕು. ಒಮ್ಮೆ ಬಳಸಿ ಎಸೆಯುವ ಯಂತ್ರಗಳನ್ನು 2025ರ ಜೂನ್ 1ರಿಂದ ನಿಷೇಧಿಸಲಾಗಿದೆ. ಸಿಗರೇಟನ್ನು ಬಿಡುವವರಿಗೆ ಇದೊಂದು ಊರೆಗೋಲು, ಸೇದದವರು ಮುಟ್ಟಲೇಬಾರದು—ಇದು ಅಲ್ಲಿನ ಆರೋಗ್ಯ ಇಲಾಖೆಯ ನಿಲುವು.

ನಮ್ಮಲ್ಲಿ ದಾರಿಯೇ ಬೇರೆ. ಕರ್ನಾಟಕವು 2016ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯಿದೆ ಬಂದಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದುದರಿಂದ ನಮ್ಮ ಊರುಗಳಲ್ಲಿ ಯಾರಾದರೂ ಇಂತಹ ಶೀಸೆಯನ್ನು ಗುಟ್ಟಾಗಿ ಕೈಗಿತ್ತರೆ, ಅದರೊಳಗಿನ ದ್ರವವನ್ನು ಯಾರೂ ಪರೀಕ್ಷಿಸಿಲ್ಲವೆಂದೇ ತಿಳಿಯಬೇಕು. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಲೀಡ್ಸಿನ ಅಂಗಡಿಯಲ್ಲಿ ಅಂದು ಭಾವನವರು ಕೊಂಡದ್ದು ಸಮಪಾಲಿನ, ರುಚಿಯಿಲ್ಲದ, ಕಡಿಮೆ ನಿಕೋಟಿನ್‌ನ ಶೀಸೆಯನ್ನು. ಮಾವಿನ ವಾಸನೆಯ ಶೀಸೆಯನ್ನು ಹತ್ತು ವರ್ಷದ ಮಗ ಮೂಸಿನೋಡಿದ್ದನ್ನು ಅಕ್ಕ ಕಂಡಿದ್ದಳು. ಆ ಭಯವೇ ಅವರ ಆಯ್ಕೆಯನ್ನು ತೀರ್ಮಾನಿಸಿತು.

ಡಿಸೆಂಬರಿನಲ್ಲಿ ಅವರೆಲ್ಲ ಬೆಂಗಳೂರಿಗೆ ಬಂದರು. ಯಂತ್ರವನ್ನು ಇಲ್ಲಿಗೆ ತರುವಂತಿಲ್ಲ. ಮೂರು ವಾರ ಹೇಗೆ ಕಳೆಯುವರೋ, ಬೀದಿಯ ಕೊನೆಯ ಗೂಡಂಗಡಿಯಲ್ಲಿ ಮತ್ತೆ ಹಳೆಯ ಸ್ನೇಹ ಕುದುರುವುದೋ ಎಂದು ಅಕ್ಕ ನಿದ್ದೆಗೆಟ್ಟಳು. ಭಾವನವರು ವೈದ್ಯರನ್ನು ಕೇಳಿ, ಔಷಧದ ಅಂಗಡಿಯಿಂದ ನಿಕೋಟಿನ್ ಗಮ್ ತಂದು ಅಗಿದು ದಿನ ನೂಕಿದರು. ಎರಡನೆಯ ವಾರ ಬಹಳ ಸಿಡುಕಿದರು. ನನ್ನ ಮೇಲೂ ರೇಗಿದರು. ಗೂಡಂಗಡಿಗೆ ಮಾತ್ರ ಹೋಗಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಸಂಜೆ ಫೋನು ಮಾಡಿದರು. "ಯಂತ್ರ ಇನ್ನೂ ಮೇಜಿನ ಖಾನೆಯಲ್ಲೇ ಇದೆ ಕಣಯ್ಯ. ತೆಗೆದಿಲ್ಲ. ನಾಳೆಯ ಮಾತು ನಾಳೆಗೆ" ಎಂದರು. ಯಾವ ದ್ರವ ಒಳ್ಳೆಯದೆಂದು ಆಮೇಲೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಶ್ವಾಸಕೋಶಕ್ಕೆ ಎಂದೆಂದಿಗೂ ಒಪ್ಪುವ ಮೂಲದ್ರವ್ಯ ಒಂದೇ: ಕಾಸು ಕೊಡದೆ ದೊರೆಯುವ ಗಾಳಿ.